ಕ್ರಿಸ್ಮಸ್ ದಿನ ಓವನ್ ಹಚ್ಚಬೇಡಿ

ಪ್ರಶ್ನೆ: ಈ ಸಲ ಕ್ರಿಸ್ಮಸ್‌ಗೆ ಮನೆಯಲ್ಲಿ ಇರುವುದು ನಾಲ್ಕೇ ಜನ. ನಾನು, ನನ್ನ ಗಂಡ, ಏಳು ವರ್ಷದ ಮಗಳು ಮತ್ತು ಸಕ್ಕರೆ ಕಾಯಿಲೆ ಇರುವ ನನ್ನ ಅತ್ತೆ. ನೆಂಟರು ಬರುವುದಿಲ್ಲ, ನಾವೂ ಎಲ್ಲಿಗೂ ಹೋಗುವುದಿಲ್ಲ. ಹೋದ ವರ್ಷ ಆರು ಬಗೆ ತಿಂಡಿ ಮಾಡಲು ಹೋಗಿ 24ರ ರಾತ್ರಿ ಒಂದು ಗಂಟೆಯವರೆಗೂ ಅಡುಗೆಮನೆಯಲ್ಲೇ ಇದ್ದೆ. ಹಣ್ಣಿನ ಕೇಕ್ ಒಣಗಿ ಪುಡಿಪುಡಿಯಾಯಿತು, ಹಣ್ಣೆಲ್ಲ ತಳ ಸೇರಿತ್ತು. ನಕ್ಷತ್ರದ ಆಕಾರದಲ್ಲಿ ಕತ್ತರಿಸಿದ ಬಿಸ್ಕತ್ತು ಓವನ್‌ನಲ್ಲಿ ಹರಡಿ ರೊಟ್ಟಿಯಂತಾಯಿತು. ಹಬ್ಬದ ಊಟಕ್ಕೆ ಕೂತಾಗ ನನಗೆ ತೂಕಡಿಕೆ. ಈ ವರ್ಷವೂ ತಿಂಡಿ ಮನೆಯಲ್ಲೇ ಆಗಬೇಕು, ಜೊತೆಗೆ ನೆಮ್ಮದಿಯೂ ಬೇಕು. ನಾವು ಕೇಕಿಗೆ ಮದ್ಯ ಹಾಕುವುದಿಲ್ಲ. ಈಗ ಡಿಸೆಂಬರ್ ಮೊದಲ ವಾರ. ತಡವಾಯಿತೇ?

ಉತ್ತರ: ತಡವಾಗಿಲ್ಲ. ಮದ್ಯ ಹಾಕದ ಕೇಕಿಗಂತೂ ಈಗಲೇ ಶುರು ಮಾಡಿದರೆ ಬೇಗವಾಗುತ್ತದೆ. ಕಾರಣ ಮುಂದೆ ಹೇಳುತ್ತೇನೆ.

ಕೇಕ್ ಒಣಗಿದ್ದಕ್ಕೂ ಬಿಸ್ಕತ್ತು ಹರಡಿದ್ದಕ್ಕೂ ಪರಿಹಾರ ಸುಲಭ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ರಾತ್ರಿ ಒಂದು ಗಂಟೆಯ ಮಾತು. ಇಪ್ಪತ್ತು ವರ್ಷದಿಂದ ಬೇಕಿಂಗ್ ಕಲಿಸುತ್ತಿದ್ದೇನೆ. ಪ್ರತಿ ಜನವರಿಯಲ್ಲೂ ಯಾರಾದರೂ ಬಂದು ಇದೇ ಕಥೆ ಹೇಳುತ್ತಾರೆ: ತಿಂಡಿ ಚೆನ್ನಾಗಿತ್ತು, ಹಬ್ಬ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಅವರಿಗೆಲ್ಲ ನಾನು ಹೇಳುವ ಕಟ್ಟಳೆ ಒಂದೇ. 25ರಂದು ಓವನ್ ಹಚ್ಚಬಾರದು. 24ರ ಸಂಜೆ ಆರಕ್ಕೆ ಓವನ್ ಆರಿರಬೇಕು. ಇದನ್ನು ಮೊದಲು ಗೋಡೆಗೆ ಬರೆದು ಅಂಟಿಸಿ, ಆಮೇಲೆ ಯಾವ ತಿಂಡಿ ಅಂತ ಯೋಚಿಸಿ. ಹಾಗೆ ಹಿಂದುಮುಂದಾಗಿ ಯೋಚಿಸಿದರೆ ಆರು ಬಗೆಯ ಪಟ್ಟಿ ತಾನಾಗಿಯೇ ಮೂರಕ್ಕೆ ಇಳಿಯುತ್ತದೆ.

ಕ್ರಿಸ್ಮಸ್‌ನ ಹಳೆಯ ತಿಂಡಿಗಳನ್ನು ಗಮನಿಸಿದ್ದೀರಾ? ಹಣ್ಣಿನ ಕೇಕ್, ಶುಂಠಿ ಬಿಸ್ಕತ್ತು, ಜರ್ಮನಿಯ ಸ್ಟೋಲನ್ ಬ್ರೆಡ್ಡು, ಇಂಗ್ಲೆಂಡಿನ ಆವಿಯಲ್ಲಿ ಬೇಯಿಸುವ ಪುಡಿಂಗು. ಇವೆಲ್ಲ ಮಾಡಿದ ದಿನಕ್ಕಿಂತ ಕೆಲವು ದಿನ ಬಿಟ್ಟು ತಿಂದರೆ ರುಚಿ. ಹಬ್ಬಕ್ಕೆ ಮುಂಚಿನ ಅಡ್ವೆಂಟ್ ಕಾಲ ಹಿಂದೆ ಉಪವಾಸದ ಕಾಲವೂ ಆಗಿತ್ತು. ಜರ್ಮನಿಯ ಡ್ರೆಸ್ಡೆನ್ ಸುತ್ತಿನ ಬೇಕರಿಯವರು ಆ ದಿನಗಳಲ್ಲಿ ಸ್ಟೋಲನ್‌ಗೆ ಬೆಣ್ಣೆ ಹಾಕುವಂತಿರಲಿಲ್ಲ, ಎಣ್ಣೆಯಲ್ಲೇ ಕಲಸಬೇಕಿತ್ತು. 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಬೆಣ್ಣೆಗೆ ಅನುಮತಿ ಕೊಟ್ಟ ಪತ್ರಕ್ಕೆ ಇವತ್ತಿಗೂ ‘ಬೆಣ್ಣೆ ಪತ್ರ’ ಅಂತಲೇ ಹೆಸರು. ಬೆಣ್ಣೆ ಬಂದ ಮೇಲೆಯೂ ಸ್ಟೋಲನ್ ಮಾಡಿ ಕೆಲವು ವಾರ ಇಟ್ಟು ಹದಗೊಳಿಸುವ ಪದ್ಧತಿ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಪುಡಿಂಗ್ ಕಲಸುವುದು ಅಡ್ವೆಂಟ್‌ಗೆ ಹಿಂದಿನ ಭಾನುವಾರ. ಆ ದಿನದ ಆಂಗ್ಲಿಕನ್ ಪ್ರಾರ್ಥನೆ ‘ಕದಡು’ ಎಂಬರ್ಥದ ಮಾತಿನಿಂದಲೇ ಶುರುವಾಗುವುದರಿಂದ ಭಾನುವಾರಕ್ಕೇ ‘ಕದಡುವ ಭಾನುವಾರ’ ಅನ್ನುವ ಅಡ್ಡಹೆಸರು ಬಿತ್ತು. ಮನೆಮಂದಿಯೆಲ್ಲ ಸರದಿಯ ಮೇಲೆ ಸೌಟು ಹಿಡಿದು ಒಂದೊಂದು ಸುತ್ತು ತಿರುವಿ ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳುತ್ತಾರೆ. ತಿನ್ನುವುದು ತಿಂಗಳ ಮೇಲೆ. ಅಂದರೆ ಕೆಲಸವನ್ನು ಮುಂಚೆಯೇ ಹರಡಿಕೊಳ್ಳುವ ಬುದ್ಧಿ ಈ ಹಬ್ಬಕ್ಕೆ ಹುಟ್ಟಿನಿಂದಲೇ ಇದೆ. ಅದನ್ನು ಮರೆತು 24ರಂದೇ ಎಲ್ಲವನ್ನೂ ಮಾಡಲು ಹೊರಟಿದ್ದು ನಾವು.

ಹಾಗಾಗಿ ತಿಂಡಿಯನ್ನು ರುಚಿಯಿಂದ ಆರಿಸಬೇಡಿ, ಎಷ್ಟು ದಿನ ಬಾಳುತ್ತದೆ ಅನ್ನುವುದರಿಂದ ಆರಿಸಿ. ಇಟ್ಟಷ್ಟೂ ಚೆನ್ನಾಗುವುದು ಒಂದು: ಹಣ್ಣಿನ ಕೇಕ್. ಎರಡು ವಾರ ಹಾಗೇ ಗರಿಗರಿ ಇರುವುದು ಒಂದು: ಬೆಣ್ಣೆ ಬಿಸ್ಕತ್ತಾದ ಶಾರ್ಟ್‌ಬ್ರೆಡ್. ಮಗಳ ಜೊತೆ ಕೂತು ಮಾಡುವುದಕ್ಕೆ ಒಂದು: ಶುಂಠಿ ಬಿಸ್ಕತ್ತು. ಅತ್ತೆಯವರಿಗೆ ಹುರಿದ ಬೀಜಗಳು. ಅದು ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ, ಹತ್ತು ನಿಮಿಷದ ಕೆಲಸ. ಕ್ರೀಮ್ ಹಾಕಿದ್ದು, ಕರಿದು ಬಿಸಿಬಿಸಿ ತಿನ್ನುವಂಥದ್ದು, ಪದರ ಪದರದ ಪೇಸ್ಟ್ರಿ ಇವನ್ನೆಲ್ಲ ಈ ವರ್ಷ ಕೈಬಿಡಿ. ಅವು ಮಾಡಿದ ದಿನವೇ ತಿನ್ನಬೇಕಾದವು. ಬರುವ ಅತಿಥಿಗಳಿಗೆ ತಟ್ಟೆ ತುಂಬಿಸಬೇಕಾದಾಗ ಆರು ಬಗೆಗೆ ಅರ್ಥವಿದೆ. ನಾಲ್ಕು ಜನರ ಮನೆಯಲ್ಲಿ ಆರು ಬಗೆ ಮಾಡಿದರೆ ಜನವರಿಯವರೆಗೂ ಅದನ್ನೇ ತಿನ್ನುತ್ತಿರಬೇಕು.

ಮೊದಲು ಓವನ್ ವಿಷಯ. ಕೇಕ್ ಒಣಗಿತು ಅಂದವರನ್ನು ನಾನು ಮೊದಲು ಕೇಳುವುದು, ‘ನಿಮ್ಮ ಓವನ್ ಸತ್ಯ ಹೇಳುತ್ತದಾ?’ ಅಂತ. ಮನೆಯ ಓವನ್‌ಗಳ ಗುಂಡಿ 150 ಅಂತ ತೋರಿಸುವಾಗ ಒಳಗೆ 170 ಇರುವುದು ಅಪರೂಪವೇನಲ್ಲ. ನಾನೇ ಕಲಿಸಲು ಶುರುಮಾಡಿದ ಮೊದಲ ಎರಡು ವರ್ಷ 25 ಡಿಗ್ರಿ ಹೆಚ್ಚು ಕಾಯುವ ಓವನ್ ಇಟ್ಟುಕೊಂಡು, ಕೇಕ್ ಕಪ್ಪಾದಾಗಲೆಲ್ಲ ಅಳತೆ ತಪ್ಪು, ಬೆಣ್ಣೆ ತಪ್ಪು ಅಂತ ಬೈಯುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಒಳಗೆ ಇಡುವ ಥರ್ಮಾಮೀಟರ್ ತಂದಿಟ್ಟು ನನ್ನ ಬಾಯಿ ಮುಚ್ಚಿಸಿದಳು. ಅಂಥದ್ದೊಂದು ಈ ವಾರವೇ ತಂದು, ಖಾಲಿ ಓವನ್ ಇಪ್ಪತ್ತು ನಿಮಿಷ ಕಾಯಿಸಿ, ಗುಂಡಿಯ ಅಂಕಿಗೂ ಒಳಗಿನ ಅಂಕಿಗೂ ಎಷ್ಟು ಅಂತರ ಅಂತ ಬರೆದಿಟ್ಟುಕೊಳ್ಳಿ. ಜೊತೆಗೆ ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. ಒಂದು ಕಪ್ ಮೈದಾ ಹೇಗೆ ತುಂಬುತ್ತೀರಿ ಅನ್ನುವುದರ ಮೇಲೆ 120 ಗ್ರಾಂ ಆಗಬಹುದು, 150 ಆಗಬಹುದು. ಆ 30 ಗ್ರಾಂ ಸಾಕು ಕೇಕ್ ಪುಡಿಯಾಗುವುದಕ್ಕೆ.

ಕೇಕ್ ಒಣಗಲು ಇನ್ನೊಂದು ಕಾರಣವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಣಗಿದ ಹಣ್ಣನ್ನು ನೆನೆಸದೆ ಹಾಗೇ ಹಾಕಿದರೆ ಅದು ಬೇಯುವಾಗ ಹಿಟ್ಟಿನ ತೇವವನ್ನು ಹೀರಿಕೊಳ್ಳುತ್ತದೆ. ಕೇಕಿಗೆ ತೇವ ಕೊಡಬೇಕಾದ ದ್ರಾಕ್ಷಿ ಕೇಕಿನಿಂದಲೇ ಕಸಿದುಕೊಂಡಂತೆ. ಚೆನ್ನಾಗಿ ನೆಂದ ಹಣ್ಣಾದರೆ ಉಲ್ಟಾ. ಕೇಕ್ ಆರಿದ ಮೇಲೂ ದಿನದಿನಕ್ಕೆ ತೇವ ಹಣ್ಣಿನಿಂದ ಸುತ್ತಲಿನ ಕೇಕಿಗೆ ಇಳಿಯುತ್ತದೆ. ಚಕ್ಕೆ ಲವಂಗದ ಮೊನಚು ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ. ‘ಇಟ್ಟಷ್ಟೂ ರುಚಿ’ ಅನ್ನುವುದರ ಒಳಗುಟ್ಟು ಇಷ್ಟೇ.

ನಿಮ್ಮ ಮನೆಯಲ್ಲಿ ಮದ್ಯ ಬೇಡ, ಸರಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಬೇಯುವಾಗ ಮದ್ಯವೆಲ್ಲ ಹಾರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಿಟ್ಟಿಗೆ ಬೆರೆಸಿದ ಮದ್ಯದಲ್ಲಿ ಒಂದು ಗಂಟೆ ಬೇಯಿಸಿದ ಮೇಲೂ ಸುಮಾರು ಕಾಲು ಭಾಗ ಉಳಿಯುತ್ತದೆ, ಎರಡೂವರೆ ಗಂಟೆ ಬೇಯಿಸಿದರೂ ಸುಮಾರು 5 ಪ್ರತಿಶತ ಇರುತ್ತದೆ ಅನ್ನುತ್ತದೆ ಅಮೆರಿಕದ ಕೃಷಿ ಇಲಾಖೆಯ ಪಟ್ಟಿ. ಬೇಯಿಸಿದ ಮೇಲೆ ಕೇಕಿನ ಮೇಲೆ ಚಮಚದಲ್ಲಿ ಸುರಿಯುವ ರಮ್ಮು ಬ್ರಾಂದಿಯಂತೂ ಬಿಸಿಯನ್ನೇ ಕಾಣುವುದಿಲ್ಲ. ಯಾರಾದರೂ ಕೇಕ್ ತಂದುಕೊಟ್ಟರೆ ಮಗಳಿಗೆ ಕೊಡುವ ಮುಂಚೆ ಕೇಳುವುದರಲ್ಲಿ ಸಂಕೋಚ ಬೇಡ.

ಮದ್ಯದ ಬದಲು ಕಿತ್ತಳೆ ರಸ ಬಳಸಿ, ಆದರೆ ಎರಡೂ ಒಂದೇ ಥರ ಬಾಳುವುದಿಲ್ಲ. ರಮ್ಮಿನಲ್ಲಿ ಹಣ್ಣು ತಿಂಗಳುಗಟ್ಟಲೆ ನೆನೆಯಬಹುದು. ರಸದಲ್ಲಿ ನೆನೆಸಿ ಹೊರಗಿಟ್ಟರೆ ಬೇಗ ಹುಳಿ ಹಿಡಿಯುತ್ತದೆ. ನವೆಂಬರ್‌ನಲ್ಲೇ ರಸಕ್ಕೆ ಹಣ್ಣು ಹಾಕಿ ಭರಣಿ ಕಟ್ಟಿಟ್ಟು, ಡಿಸೆಂಬರ್‌ನಲ್ಲಿ ಮುಚ್ಚಳ ತೆಗೆದರೆ ನೊರೆ ಬಂದಿದೆ ಅಂತ ಫೋನ್ ಮಾಡುವವರು ಪ್ರತಿ ವರ್ಷ ಇರುತ್ತಾರೆ. ಅದನ್ನು ಎಸೆಯುವುದೊಂದೇ ದಾರಿ. ರಸದಲ್ಲಾದರೆ ಹಣ್ಣನ್ನು ಒಂದು ರಾತ್ರಿ, ಹೆಚ್ಚೆಂದರೆ ಎರಡು ದಿನ, ಅದೂ ಫ್ರಿಜ್‌ನಲ್ಲಿ. ಕೇಕ್ ಆದ ಮೇಲೂ ಅಷ್ಟೇ. ಮದ್ಯ ಕುಡಿಸಿದ ಕೇಕಿನ ಹಾಗೆ ಇದನ್ನು ತಿಂಗಳು ಹೊರಗಿಡಲು ಬರುವುದಿಲ್ಲ. ಒಂದು ವಾರ ತಂಪಾದ ಜಾಗದಲ್ಲಿ, ಸೆಖೆ ಇದ್ದರೆ ಫ್ರಿಜ್‌ನಲ್ಲಿ. ಅದಕ್ಕೇ ಈಗಲೇ ಶುರು ಮಾಡಬೇಡಿ ಅಂದಿದ್ದು. 17ರ ರಾತ್ರಿ ಹಣ್ಣು ನೆನೆಸಿ, 18ಕ್ಕೆ ಬೇಯಿಸಿ. ಹಬ್ಬದ ಹೊತ್ತಿಗೆ ಏಳು ದಿನ ತುಂಬಿರುತ್ತದೆ, ಹದ ಕೂಡುವುದಕ್ಕೆ ಅಷ್ಟು ಸಾಕು. ಆ ವಾರ ಬಿಡುವಿಲ್ಲದಿದ್ದರೆ ಇವತ್ತೇ ಮಾಡಿ ಫ್ರೀಜರ್‌ನಲ್ಲಿಟ್ಟು 22ಕ್ಕೆ ಹೊರಗೆ ತೆಗೆಯಬಹುದು, ನಷ್ಟವೇನಿಲ್ಲ.

ನಾಲ್ಕು ಜನಕ್ಕೆ 6 ಇಂಚಿನ ದುಂಡು ಟಿನ್ ಧಾರಾಳ. ನಿಮ್ಮ ಬಳಿಯ ಅಳತೆ 8 ಇಂಚಿನದಾಗಿದ್ದರೆ 8ರಿಂದ 6ಕ್ಕೆ ಇಳಿದಾಗ ಮುಕ್ಕಾಲು ಆಗುತ್ತದೆ ಅಂದುಕೊಳ್ಳಬೇಡಿ. ಲೆಕ್ಕ ಹಾಕಬೇಕಾದ್ದು ವಿಸ್ತೀರ್ಣ: 64ಕ್ಕೆ 36, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ನಾಲ್ಕು ಮೊಟ್ಟೆಯ ಕೇಕಿಗೆ ಎರಡು ಮೊಟ್ಟೆ ಸರಿಹೋಗುತ್ತದೆ.

ನಾನು ಮಾಡುವ ಅಳತೆ ಹೀಗಿದೆ. ಒಣಹಣ್ಣು ಒಟ್ಟು 350 ಗ್ರಾಂ: ಕಪ್ಪು ಮತ್ತು ಹಳದಿ ಒಣದ್ರಾಕ್ಷಿ, ಸಣ್ಣಗೆ ಹೆಚ್ಚಿದ ಖರ್ಜೂರ, ಅಂಜೂರ, ಸಕ್ಕರೆ ಪಾಕದಲ್ಲಿ ಬೆಂದ ಕಿತ್ತಳೆ ಸಿಪ್ಪೆ. (ಇದನ್ನು ಪ್ಲಮ್ ಕೇಕ್ ಅಂತ ಕರೆದರೂ ಪ್ಲಮ್ ಹಣ್ಣಿನ ಸುಳಿವಿಲ್ಲವಲ್ಲ ಅಂತ ಮಗಳು ಕೇಳಬಹುದು. ಹಳೆಯ ಇಂಗ್ಲಿಷಿನವರು ಒಣದ್ರಾಕ್ಷಿಯನ್ನೂ ಪ್ಲಮ್ ಅನ್ನುತ್ತಿದ್ದರು, ಹೆಸರು ಉಳಿದುಬಿಟ್ಟಿತು.) ಹಣ್ಣನ್ನು 100 ಮಿಲಿ ಕಿತ್ತಳೆ ರಸದಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿ, ಆರಿದ ಮೇಲೆ ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹೊರಗೆ ತೆಗೆದು ಮನೆಯ ಬಿಸಿಗೆ ಬರಲು ಬಿಡಿ. ತಳದಲ್ಲಿ ರಸ ನಿಂತಿದ್ದರೆ ಬಸಿಯಿರಿ, ಚೆಲ್ಲಬೇಡಿ. ಬೆಣ್ಣೆ 110 ಗ್ರಾಂ, ಬ್ರೌನ್ ಶುಗರ್ 100, ಮೊಟ್ಟೆ ಎರಡು, ಮೈದಾ 120, ಬಾದಾಮಿ ಪುಡಿ 30, ಬೇಕಿಂಗ್ ಪೌಡರ್ ಕಾಲು ಚಮಚ, ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಎಲ್ಲ ಸೇರಿ ಒಂದು ಚಮಚ, ಚಿಟಿಕೆ ಉಪ್ಪು, ಒಂದು ಕಿತ್ತಳೆಯ ತುರಿದ ಸಿಪ್ಪೆ, ಹೆಚ್ಚಿದ ಅಕ್ರೋಟ್ ಅಥವಾ ಬಾದಾಮಿ 50 ಗ್ರಾಂ.

ಬೆಣ್ಣೆ ಬೆರಳು ಒತ್ತಿದರೆ ಗುಂಡಿ ಬೀಳಬೇಕು, ಕರಗಿ ಹೊಳೆಯಬಾರದು. ಸಕ್ಕರೆ ಜೊತೆ ಬಣ್ಣ ತಿಳಿಯಾಗುವವರೆಗೆ ನೊರೆಸಿ. ಕೇಕಿಗೆ ಬೇಕಾದ ಗಾಳಿಯ ಬಹುಪಾಲು ಇಲ್ಲೇ ಸೇರುತ್ತದೆ. ಮೊಟ್ಟೆ ಫ್ರಿಜ್‌ನಿಂದ ನೇರ ಬಂದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ, ಅದಕ್ಕೆ ಒಂದು ಗಂಟೆ ಮೊದಲೇ ಹೊರಗಿಡಿ. ಸ್ವಲ್ಪಸ್ವಲ್ಪವಾಗಿ ಸೇರಿಸಿ. ಆದರೂ ಒಡೆದರೆ ಎರಡು ಚಮಚ ಮೈದಾ ಹಾಕಿ ಮುಂದುವರಿಯಿರಿ, ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಒಣ ಪದಾರ್ಥ ಬೆರೆಸಿ, ಕೊನೆಗೆ ಹಣ್ಣು ಮತ್ತು ಬೀಜ.

ಹಣ್ಣು ತಳ ಸೇರಿದ್ದು ಯಾಕೆ? ನಿಮ್ಮ ಹಿಟ್ಟು ತೆಳ್ಳಗಿತ್ತು, ಅಥವಾ ಹಣ್ಣು ತೊಟ್ಟಿಕ್ಕುತ್ತಿತ್ತು. ಹಣ್ಣಿಗೆ ಮೈದಾ ಸವರಿದರೆ ಮುಳುಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಹಣ್ಣನ್ನು ಹಿಡಿದು ನಿಲ್ಲಿಸುವುದು ಹಿಟ್ಟಿನ ಗಟ್ಟಿತನ. ಚಮಚದಲ್ಲಿ ಎತ್ತಿದರೆ ಜಾರಿ ಬೀಳದೆ, ಒಂದು ಕ್ಷಣ ಯೋಚಿಸಿ ಧೊಪ್ಪೆಂದು ಬೀಳಬೇಕು. ಆ ಹದದಲ್ಲಿ ಹಣ್ಣು ಎಲ್ಲಿಟ್ಟರೆ ಅಲ್ಲೇ ಕೂರುತ್ತದೆ.

ಟಿನ್ನಿನ ಒಳಗೆ ಬಟರ್ ಪೇಪರ್ ಎರಡು ಸುತ್ತು, ಅಂಚಿಗಿಂತ ಎರಡು ಇಂಚು ಎತ್ತರಕ್ಕೆ. 150 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಅಲ್ಲಿಯವರೆಗೆ ಬಾಗಿಲು ತೆಗೆಯಬೇಡಿ, ಆತುರಗಾರನಿಗೆ ಬುದ್ಧಿ ಮಟ್ಟ. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಮಾತ್ರ ತೆಗೆದು ಒಂದು ಹಾಳೆ ಮುಚ್ಚಿ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಕಡ್ಡಿ ಚುಚ್ಚಿ ನೋಡಿ. ಹಳಬರು ಕಡ್ಡಿಯ ಜೊತೆ ಕಿವಿಯನ್ನೂ ನಂಬುತ್ತಿದ್ದರು. ಹೊರಗೆ ತೆಗೆದ ಕೇಕಿಗೆ ಕಿವಿ ಹತ್ತಿರ ತಂದರೆ, ಬೇಯದ ಕೇಕ್ ಒಳಗೊಳಗೇ ಚಿಟಿಚಿಟಿ ಅನ್ನುತ್ತಿರುತ್ತದೆ. ಬೆಂದದ್ದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಕಣ್ಣರಳಿಸುತ್ತಾರೆ. ಮೂತಿ ಸುಡದಷ್ಟು ದೂರ ನಿಲ್ಲಿಸಿ, ಅಷ್ಟೆ.

ಕೇಕ್ ಬಿಸಿಯಿರುವಾಗಲೇ ಮೇಲೆಲ್ಲ ಕಡ್ಡಿಯಲ್ಲಿ ಚುಚ್ಚಿ, ಉಳಿಸಿಟ್ಟ ರಸವನ್ನು ಒಂದು ಕುದಿ ಬರಿಸಿ ಎರಡು ಚಮಚ ಹನಿಸಿ. ಪೂರ್ತಿ ಆರುವವರೆಗೆ ಟಿನ್ನಿನಲ್ಲೇ ಇರಲಿ. ನಂತರ ಮೊದಲು ಬಟರ್ ಪೇಪರ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್. ಹಣ್ಣಿನ ಹುಳಿ ಫಾಯಿಲನ್ನು ತಿನ್ನುತ್ತದೆ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಡಬ್ಬಿಯಲ್ಲಿಟ್ಟು, ಎತ್ತರದ ಶೆಲ್ಫಿನಲ್ಲಿಟ್ಟು, ಮರೆತುಬಿಡಿ. ‘ಹೇಗಾಗಿದೆ ನೋಡೋಣ’ ಅಂತ 20ಕ್ಕೆ ಒಂದು ತುಂಡು ಕತ್ತರಿಸುವವರು ಪ್ರತಿ ಮನೆಯಲ್ಲಿ ಒಬ್ಬರು ಇರುತ್ತಾರೆ. ನಿಮ್ಮ ಮನೆಯಲ್ಲಿ ಯಾರು ಅಂತ ನಿಮಗೇ ಗೊತ್ತು.

ಶಾರ್ಟ್‌ಬ್ರೆಡ್‌ಗೆ ಹೆಚ್ಚು ಮಾತು ಬೇಡ. ಸ್ಕಾಟ್ಲೆಂಡಿನ ಈ ಬಿಸ್ಕತ್ತಿಗೆ ಒಂದು, ಎರಡು, ಮೂರು ಅಂತ ನೆನಪಿಟ್ಟರೆ ಮುಗಿಯಿತು: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು, ತೂಕದಲ್ಲಿ. 50, 100, 150 ಗ್ರಾಂ ತೆಗೆದುಕೊಳ್ಳಿ, ಚಿಟಿಕೆ ಉಪ್ಪು. ಮೊಟ್ಟೆ ಇಲ್ಲ, ಹಾಲಿಲ್ಲ, ಉಬ್ಬಿಸುವ ಪುಡಿ ಇಲ್ಲ. ಬೆರಳತುದಿಯಲ್ಲಿ ಉದುರುದುರಾಗಿ ಉಜ್ಜಿ, ಒಟ್ಟು ಸೇರಿಸಿ ಟಿನ್ನಿಗೆ ಒತ್ತಿ, ಫೋರ್ಕಿನಿಂದ ಚುಚ್ಚಿ, 160 ಡಿಗ್ರಿಯಲ್ಲಿ 25 ನಿಮಿಷ. ಬಣ್ಣ ತಿಳಿ ಹೊಂಬಣ್ಣಕ್ಕೆ ನಿಲ್ಲಬೇಕು. ಬಿಸಿಯಲ್ಲೇ ಕತ್ತರಿಸಿ, ಆರಿದ ಮೇಲೆ ಕತ್ತರಿಸಲು ಹೋದರೆ ಒಡೆಯುತ್ತದೆ. 20ಕ್ಕೆ ಮಾಡಿಟ್ಟರೆ ಹೊಸ ವರ್ಷದವರೆಗೂ ಗರಿಗರಿ. ಇದನ್ನು ನಿಮ್ಮ ಗಂಡನಿಗೆ ಒಪ್ಪಿಸಿ. ಅಡುಗೆಮನೆಗೆ ಹೊಸಬರಾದರೂ ಕೆಡಿಸಲು ಸಾಧ್ಯವಿಲ್ಲದಂಥ ಬಿಸ್ಕತ್ತು ಇದು.

ಈಗ ನಿಮ್ಮ ನಕ್ಷತ್ರಗಳಿಗೆ ಬರೋಣ. ಬಿಸ್ಕತ್ತು ಹರಡುವುದೆಂದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಓಡುವುದು. ನೀವು ಹಿಟ್ಟು ಕಲಸಿ, ಲಟ್ಟಿಸಿ, ಕತ್ತರಿಸಿ, ಅಷ್ಟು ಹೊತ್ತೂ ಬಿಸಿ ಅಡುಗೆಮನೆಯಲ್ಲಿಟ್ಟು ನೇರ ಓವನ್‌ಗೆ ಹಾಕಿರುತ್ತೀರಿ. ಬೆಣ್ಣೆ ಅರ್ಧ ಕರಗಿಯೇ ಒಳಗೆ ಹೋಗಿದೆ. ಕತ್ತರಿಸಿದ ಮೇಲೆ ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಬೇಯಿಸಿ, ಮೂಲೆಗಳು ಚೂಪಾಗಿಯೇ ಉಳಿಯುತ್ತವೆ. ಒಂದು ಟ್ರೇ ಬೆಂದ ಕೂಡಲೇ ಅದೇ ಬಿಸಿ ಟ್ರೇ ಮೇಲೆ ಮುಂದಿನ ಸುತ್ತು ಜೋಡಿಸುವುದೂ ಇದೇ ತಪ್ಪಿನ ತಮ್ಮ. ಸಕ್ಕರೆ ಹೆಚ್ಚಾದರೂ ಹರಡುತ್ತದೆ, ಸೋಡಾ ಹೆಚ್ಚಾದರೂ ಹರಡುತ್ತದೆ.

ಮೈದಾ 200 ಗ್ರಾಂ, ಬೆಣ್ಣೆ 100, ಬ್ರೌನ್ ಶುಗರ್ 80, ಜೇನು 50, ಒಣಶುಂಠಿ ಪುಡಿ ಎರಡು ಚಮಚ, ಚಕ್ಕೆ ಪುಡಿ ಒಂದು, ಲವಂಗದ ಪುಡಿ ಕಾಲು, ಅಡುಗೆ ಸೋಡಾ ಕಾಲು ಚಮಚ, ಉಪ್ಪು. ಹಿಟ್ಟು ಕೂಡದಿದ್ದರೆ ಒಂದು ಚಮಚ ಹಾಲು. ಇದನ್ನು 21ಕ್ಕೇ ಕಲಸಿ ಚಪ್ಪಟೆ ಬಿಲ್ಲೆ ಮಾಡಿ ಸುತ್ತಿ ಫ್ರಿಜ್‌ನಲ್ಲಿಡಿ. ಎರಡು ದಿನದಲ್ಲಿ ಮಸಾಲೆ ಹಿಟ್ಟಿಗೆ ಇಳಿಯುತ್ತದೆ, ಲಟ್ಟಿಸಲೂ ಹಗುರ. 23ರ ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ಹಾಗೆ ಮಾಡಿದರೆ ಮೇಲೆ ಮೈದಾ ಉದುರಿಸುವ ಗೋಜಿಲ್ಲ, ಹಿಟ್ಟು ಗಟ್ಟಿಯಾಗುವುದೂ ಇಲ್ಲ. ದಪ್ಪ ಎಲ್ಲ ಕಡೆ ಅರ್ಧ ಸೆಂಟಿಮೀಟರ್. 175 ಡಿಗ್ರಿಯಲ್ಲಿ ಹತ್ತು ನಿಮಿಷ. ತೆಗೆದಾಗ ಮೆತ್ತಗಿದ್ದರೆ ಗಾಬರಿ ಬೇಡ, ಆರುತ್ತಾ ಗಟ್ಟಿಯಾಗುತ್ತದೆ. ನನ್ನದೊಂದು ಅಭ್ಯಾಸ ನಿಮಗೂ ದಾಟಿಸುತ್ತೇನೆ: ಮೊದಲು ಒಂದೇ ಒಂದು ಬಿಸ್ಕತ್ತು ಬೇಯಿಸಿ ನೋಡುವುದು. ಹರಡಿದರೆ ಉಳಿದ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಿ, ಇನ್ನೊಮ್ಮೆ ತಂಪು ಮಾಡಿ. ಒಂದು ಬಲಿಯಾಗಿ ಮೂವತ್ತು ಉಳಿಯುತ್ತವೆ.

ಮಗಳು ಹಸಿ ಹಿಟ್ಟು ನೆಕ್ಕುತ್ತಾಳೆ, ಎಲ್ಲ ಮಕ್ಕಳೂ ನೆಕ್ಕುತ್ತವೆ. ಮೊಟ್ಟೆಯಿಲ್ಲವಲ್ಲ ಅಂತ ಬಿಡಬೇಡಿ. ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಅದು ಸಾಯುವುದು ಬೆಂದಾಗಲೇ. ಇದೇ ಕಾರಣಕ್ಕೆ ಬಿಸ್ಕತ್ತಿನ ಮೇಲಿನ ಐಸಿಂಗ್‌ಗೆ ಹಸಿ ಮೊಟ್ಟೆಯ ಬಿಳಿ ನಾನು ಬಳಸುವುದಿಲ್ಲ. 100 ಗ್ರಾಂ ಐಸಿಂಗ್ ಸಕ್ಕರೆಗೆ ಎರಡು ಮೂರು ಚಮಚ ನಿಂಬೆ ರಸ ಹನಿಹನಿಯಾಗಿ ಸೇರಿಸಿ ಗಟ್ಟಿ ಪೇಸ್ಟ್ ಮಾಡಿ, ಪ್ಲಾಸ್ಟಿಕ್ ಚೀಲದ ಮೂಲೆ ಸೂಜಿಯಷ್ಟು ಕತ್ತರಿಸಿ ಕೊಡಿ. ಶುಂಠಿಯ ಖಾರಕ್ಕೆ ನಿಂಬೆಯ ಹುಳಿ ಒಪ್ಪುತ್ತದೆ. ಇದನ್ನು 24ರ ಬೆಳಿಗ್ಗೆಗೆ ಉಳಿಸಿ. ಅವಳು ಎಳೆಯುವ ಗೆರೆ ಸೊಟ್ಟಗಿರುತ್ತದೆ, ನಕ್ಷತ್ರಕ್ಕೆ ಮೀಸೆ ಬರುತ್ತದೆ. ದಯವಿಟ್ಟು ನೀವು ಕೈ ಹಾಕಿ ತಿದ್ದಬೇಡಿ. ನನ್ನ ಮಗ ಆರು ವರ್ಷದವನಿದ್ದಾಗ ಅವನು ಅಲಂಕರಿಸಿದ ಬಿಸ್ಕತ್ತನ್ನು ನಾನು ಗುಟ್ಟಾಗಿ ಸರಿಮಾಡಿದ್ದೆ. ಬೆಳಿಗ್ಗೆ ಅವನು ಎಣಿಸಿ ನೋಡಿ, ‘ನನ್ನದು ಎಲ್ಲಿ?’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಎಚ್ಚರಿಕೆ. ಶಾರ್ಟ್‌ಬ್ರೆಡ್ಡು, ಶುಂಠಿ ಬಿಸ್ಕತ್ತು ಒಂದೇ ಡಬ್ಬಿಯಲ್ಲಿ ಬೇಡ. ಎರಡು ದಿನದಲ್ಲಿ ಶಾರ್ಟ್‌ಬ್ರೆಡ್ ಲವಂಗದ ವಾಸನೆ ಹೊಡೆಯುತ್ತದೆ, ಜೇನಿನ ತೇವ ಹೀರಿ ಮೆತ್ತಗಾಗುತ್ತದೆ.

ಅತ್ತೆಯವರ ವಿಷಯಕ್ಕೆ ಬಂದರೆ, ‘ಸಕ್ಕರೆ ಹಾಕದ ಹಣ್ಣಿನ ಕೇಕ್’ ಅನ್ನುವ ಹೆಸರು ನಂಬಬೇಡಿ. ಒಣದ್ರಾಕ್ಷಿಯ ತೂಕದಲ್ಲಿ ಸುಮಾರು 60 ಪ್ರತಿಶತ ಸಕ್ಕರೆಯೇ. 350 ಗ್ರಾಂ ಹಣ್ಣು ಹಾಕಿದ ಮೇಲೆ ಬ್ರೌನ್ ಶುಗರ್ ಬಿಟ್ಟರೂ ಅದು ಸಿಹಿ ಕೇಕೇ. 100ರ ಜಾಗದಲ್ಲಿ 80 ಗ್ರಾಂ ಹಾಕಬಹುದು, ಕೇಕ್ ತಡೆದುಕೊಳ್ಳುತ್ತದೆ. ಅದಕ್ಕಿಂತ ಇಳಿಸಿದರೆ ಒಣಗುತ್ತದೆ, ಬಾಳಿಕೆಯೂ ಕಡಿಮೆ. ಅವರ ವೈದ್ಯರು ಬೇಡ ಅನ್ನದಿದ್ದರೆ ಊಟದ ಜೊತೆಗೆ ತೆಳ್ಳಗಿನ ಒಂದು ಹೋಳು ಕೊಡಿ, ಹಸಿದ ಹೊಟ್ಟೆಯಲ್ಲಿ ಬೇಡ. ತಟ್ಟೆ ಬರಿದಾಗಿ ಕಾಣದಿರಲು ಹುರಿದ ಬೀಜ ಇರಲಿ: ಬಾದಾಮಿ, ಅಕ್ರೋಟ್, ಗೋಡಂಬಿಗೆ ಒಂದು ಚಮಚ ಎಣ್ಣೆ, ಉಪ್ಪು, ಕಾಳುಮೆಣಸು, ಚಕ್ಕೆ ಪುಡಿ ಸವರಿ 160 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಉಳಿದವರೂ ಅದಕ್ಕೇ ಕೈ ಹಾಕುತ್ತಾರೆ, ಹಾಗಾಗಿ ಎರಡರಷ್ಟು ಮಾಡಿ. ಸಿಹಿಯ ಪಂಕ್ತಿಯಲ್ಲಿ ಅವರೊಬ್ಬರಿಗೆ ಬೇರೆ ತಟ್ಟೆ ಇಟ್ಟಂತೆ ಆಗಬಾರದು ಅನ್ನುವುದು ಇದರ ಹಿಂದಿನ ಲೆಕ್ಕ. ಮತ್ತೆ, ಹಣ್ಣು ಹೆಚ್ಚುವ ಕೆಲಸವನ್ನು ಅವರಿಗೇ ಕೊಡಿ. ತಿನ್ನಲು ಆಗದಿದ್ದವರು ಮಾಡಲೂ ಬಾರದು ಅಂತ ನಾವೇ ಅಂದುಕೊಂಡು ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. 17ರ ಸಂಜೆ ಖರ್ಜೂರ, ಅಂಜೂರ, ಒಂದು ಚಾಕು, ಎದುರಿಗೆ ಮೊಮ್ಮಗಳು ಇದ್ದರೆ, ಹಬ್ಬ ಅಲ್ಲಿಂದಲೇ ಶುರುವಾದ ಹಾಗೆ.

25ಕ್ಕೆ ಮನೆಯಲ್ಲಿ ಹಬ್ಬದ ವಾಸನೆ ಬರಬೇಕಲ್ಲ ಅಂತೀರೇನೋ. ಅದಕ್ಕೆ ಓವನ್ ಬೇಡ. ಒಂದು ಲೀಟರ್ ಸೇಬಿನ ರಸಕ್ಕೆ ಎರಡು ತುಂಡು ಚಕ್ಕೆ, ಐದಾರು ಲವಂಗ, ಬಿಳಿಭಾಗ ಬಾರದಂತೆ ಹೆರೆದ ಕಿತ್ತಳೆ ಸಿಪ್ಪೆ, ಒಂದು ಚೂರು ಹಸಿಶುಂಠಿ ಹಾಕಿ ಸಣ್ಣ ಉರಿಯಲ್ಲಿಡಿ. ಕುದಿಯಲು ಬಿಡಬೇಡಿ, ಕುದಿದರೆ ಲವಂಗ ಕಹಿ ಬಿಡುತ್ತದೆ. ಇಪ್ಪತ್ತು ನಿಮಿಷದಲ್ಲಿ ವಾಸನೆ ಮಲಗುವ ಕೋಣೆಯವರೆಗೂ ಹೋಗಿರುತ್ತದೆ. ಆ ದಿನ ಅಡುಗೆಮನೆಯಲ್ಲಿ ತಿಂಡಿಗಾಗಿ ಆಗಬೇಕಾದ ಕೆಲಸ ಇಷ್ಟೇ: ಈ ಪಾತ್ರೆ, ಒಂದು ಚಾಕು, ನಾಲ್ಕು ತಟ್ಟೆ.

ಎಲ್ಲವನ್ನೂ ಅಂದೇ ಮುಗಿಸಬೇಕು ಅನ್ನುವ ಒತ್ತಡವನ್ನೂ ಬಿಡಿ. ಈ ಹಬ್ಬದ ಲೆಕ್ಕ 25ಕ್ಕೆ ಮುಗಿಯುವುದಿಲ್ಲ, ಜ್ಞಾನಿಗಳು ಶಿಶು ಯೇಸುವನ್ನು ಕಾಣಲು ಬಂದ ನೆನಪಿನ ಹಬ್ಬವಾದ ಜನವರಿ 6ರ ಎಪಿಫನಿಯವರೆಗೆ ಹನ್ನೆರಡು ದಿನ ಇದೆ. ಬ್ರಿಟನ್ನಿನಲ್ಲಿ ದೊಡ್ಡ ಕೇಕ್ ಕತ್ತರಿಸುತ್ತಿದ್ದದ್ದೇ ಹಿಂದೆ ಹನ್ನೆರಡನೆಯ ರಾತ್ರಿ. ಅದು ಕ್ರಿಸ್ಮಸ್ ಕೇಕ್ ಆಗಿ ಇತ್ತ ಸರಿದದ್ದು 19ನೇ ಶತಮಾನದಲ್ಲಿ. ಹಾಗಾಗಿ ಬಿಸ್ಕತ್ತಿನ ಒಂದು ಡಬ್ಬಿ ತೆರೆಯದೆ ಹೊಸ ವರ್ಷಕ್ಕೆ ಉಳಿದರೆ ನೀವು ಹಿಂದೆ ಬಿದ್ದಿದ್ದೀರಿ ಅಂತಲ್ಲ.

ಕೊನೆಗೂ ಕೇಕ್ ತುಸು ಒಣಗಿಯೇ ಬಂತು ಅಂದುಕೊಳ್ಳಿ. ಓವನ್ ಹೊಸದಾಗಿ ಪರಿಚಯವಾದ ವರ್ಷ ಹಾಗಾಗಬಹುದು. ಎರಡು ಚಮಚ ಸಕ್ಕರೆ, ನಾಲ್ಕು ಚಮಚ ಕಿತ್ತಳೆ ರಸ ಕುದಿಸಿ, ಚುಚ್ಚಿದ ಕೇಕಿನ ಮೇಲೆ ಬಿಸಿಯಾಗಿ ಹನಿಸಿ ಮತ್ತೆ ಸುತ್ತಿಟ್ಟರೆ ಎರಡು ದಿನದಲ್ಲಿ ದಾರಿಗೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ 26ರ ಬೆಳಿಗ್ಗೆಗೆ ಇಡಿ. ಬೆರಳು ದಪ್ಪದ ಹೋಳು ಮಾಡಿ, ಕಾವಲಿಯ ಮೇಲೆ ಬೆಣ್ಣೆ ಬಿಟ್ಟು, ಎರಡೂ ಕಡೆ ಅಂಚು ಕಂದಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ. ಒಳಗಿನ ದ್ರಾಕ್ಷಿ ಉಬ್ಬಿ ಅಂಟಂಟಾಗುತ್ತದೆ, ಅಂಚು ಗರಿಯಾಗುತ್ತದೆ. ಚಹಾ ಬಸಿಯುವಷ್ಟರಲ್ಲಿ ಆಗಿರುತ್ತದೆ. ನಮ್ಮ ಮನೆಯಲ್ಲಿ ಇದಕ್ಕಾಗಿಯೇ ಕಾಲು ಕೇಕ್ ಬಚ್ಚಿಡುತ್ತೇವೆ, ಒಣಗದಿದ್ದ ವರ್ಷವೂ.